ಗ್ರೈಂಡರಿಗೆ ಇಟ್ಟ ಕುಂಕುಮ

ಮೊನ್ನೆ ತೀರ್ಥಹಳ್ಳಿಯಲ್ಲಿ ನನ್ನ ತಂಗಿ ಒಂದು ಪಾರ್ಸೆಲ್ ಬಿಚ್ಚುತ್ತಿದ್ದಳು. ಕಂದು ಟೇಪನ್ನು ಚಾಕುವಿನಿಂದ ಸೀಳಿ ಪರ್ರನೆ ಎಳೆದಾಗ ಅಂಟು, ರಟ್ಟು, ಧೂಳು ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ನಾನು ಹೊಸನಗರದಲ್ಲಿದ್ದೆ. "ಎಂತ ಅಕ್ಕಾ, ರಟ್ಟು ಮೂಸ್ತಾ ಕೂತ್ಯಲ್ಲ?" ಎಂದು ತಂಗಿ ನಕ್ಕಳು. ಅವಳಿಗೇನು ಗೊತ್ತು, ಎರಡು ವರ್ಷ ಆ ವಾಸನೆಯಲ್ಲೇ ಅನ್ನ ಉಂಡವಳು ನಾನು. ಅದರಲ್ಲೂ ಒಂದು ನವರಾತ್ರಿಯ ಅಷ್ಟಮಿಯಿಂದ ಭೂಮಿ ಹುಣ್ಣಿಮೆಯವರೆಗಿನ ದಿನಗಳು ಇವತ್ತಿಗೂ ನನ್ನ ತಲೆಯಿಂದ ಇಳಿದಿಲ್ಲ.

ಅದಕ್ಕೂ ಮೊದಲು ನಾನು ಹೊಸನಗರದ ಒಂದು ಸಣ್ಣ ಶಾಲೆಯ ವ್ಯಾನ್ ಓಡಿಸುತ್ತಿದ್ದೆ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು, ವ್ಯಾನು ನನ್ನ ಪಾಲಿಗೆ ಉಳಿಯಿತು. ಆ ಹೊತ್ತಿಗೇ ನಾನು ಆನ್‌ಲೈನಿನಲ್ಲಿ ಒಂದು ಕುಕ್ಕರ್ ತರಿಸಿದ್ದೆ. ಅದನ್ನು ತಲುಪಿಸಬೇಕಾದವರು ಮನೆ ಕಡೆ ತಲೆ ಹಾಕಲಿಲ್ಲ. 'ಗ್ರಾಹಕರು ಮನೆಯಲ್ಲಿ ಇರಲಿಲ್ಲ' ಎಂಬ ಮೆಸೇಜನ್ನು ನಾನು ಮನೆಯ ಜಗಲಿಯಲ್ಲೇ ಕೂತು ಓದಿದೆ. ಸಿಟ್ಟು ನೆತ್ತಿಗೇರಿತು. ಬಸ್ ಸ್ಟ್ಯಾಂಡಿನ ಹಿಂದಿದ್ದ ಅವರ ಶಟರ್ ಅಂಗಡಿಗೆ ಜಗಳಕ್ಕೆಂದು ಹೋದೆ. ಅಲ್ಲಿ ನೋಡಿದರೆ ಕೆಲಸದವರಿಬ್ಬರೂ ಬಿಟ್ಟು ಹೋಗಿ, ಪಾರ್ಸೆಲುಗಳು ಗೋಡೆ ಎತ್ತರಕ್ಕೆ ಬಿದ್ದಿದ್ದವು. ಜಗಳಕ್ಕೆ ಹೋದವಳು ಕೆಲಸ ಹಿಡಿದು ಬಂದೆ. ಸುಮಿತ್ರಳದು ಉಡದ ಪಟ್ಟು, ಹಿಡಿದರೆ ಬಿಡುವವಳಲ್ಲ ಎಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ.

ಮೊದಲ ದಿನವೇ ನಿಶ್ಚಯ ಮಾಡಿದೆ: ಯಾರನ್ನೂ ಬಸ್ ಸ್ಟ್ಯಾಂಡಿಗೆ ಕರೆಯುವುದಿಲ್ಲ, ಬಾಗಿಲಿಗೇ ಒಯ್ಯುತ್ತೇನೆ. ಹೇಳುವುದು ಸುಲಭ. ನಮ್ಮ ಕಡೆಯ ವಿಳಾಸಗಳೇ ಒಂದೊಂದು ಪುರಾಣ. 'ಮುರಿದ ಸಂಕದಿಂದ ಮುಂದೆ, ನಾಯಿ ಇರುವ ಮನೆಯ ಮೇಲಿನ ಮನೆ' ಎಂದು ಬರೆದಿರುತ್ತಿದ್ದರು. ತೋಡು ದಾಟಲು ಅಡ್ಡ ಹಾಕಿದ ಮರದ ಸಂಕಗಳೆಲ್ಲ ಮುರಿದೇ ಇದ್ದವು, ನಾಯಿ ಇಲ್ಲದ ಮನೆಯೇ ಇರಲಿಲ್ಲ. ಆರು ತಿಂಗಳಲ್ಲಿ ನಗರ, ನಿಟ್ಟೂರು, ಸಂಪೆಕಟ್ಟೆಯವರೆಗಿನ ನಾಯಿಗಳಿಗೆಲ್ಲ ನನ್ನ ವ್ಯಾನಿನ ಸದ್ದು ಗುರುತಾಯಿತು.

ತಲುಪಿಸುವುದಕ್ಕಿಂತ ಕಷ್ಟದ್ದು ವಾಪಸ್ ತರುವುದು. ರಿಟರ್ನ್ ಅಂದರೆ ನಮ್ಮ ಜನಕ್ಕೆ ಏನೋ ಸಂಕೋಚ. "ತಗಂಡ್ ಮೇಲೆ ಬೇಡ ಅಂದ್ರೆ ಕಳ್ಸಿದವ್ರಿಗೆ ಬೇಜಾರಾಗಲ್ವಾ?" ಎಂದು ಕೇಳಿದವರು ಎಷ್ಟೋ ಜನ. ಇನ್ನು ಕೆಲವರು ಕೊಡುವಾಗ ಬರಿದಾಗಿ ಕೊಡುತ್ತಿರಲಿಲ್ಲ. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದಲ್ಲ, ಹಾಗೆ. ಅಳತೆ ಸರಿಯಾಗದ ಚಪ್ಪಲಿಯ ಪೆಟ್ಟಿಗೆಯಲ್ಲಿ ಒಬ್ಬ ಅಜ್ಜಿ ಎರಡು ಅಚ್ಚು ಬೆಲ್ಲ ಇಟ್ಟಿದ್ದರು. ನಾನು ಎಲ್ಲವನ್ನೂ ತೆರೆದು ನೋಡಿ, ಬೆಲ್ಲ ತೆಗೆದಿಟ್ಟು, ಮೊಬೈಲಿನಲ್ಲಿ ಕೇಳುವ ಪ್ರಶ್ನೆಗಳಿಗೆ ಇದ್ದದ್ದು ಇದ್ದ ಹಾಗೆ ಉತ್ತರ ಒತ್ತುತ್ತಿದ್ದೆ. ಒಗೆದ ಸೀರೆಯನ್ನು ಹೊಸದೆಂದು ಕೊಡಲು ಬಂದವರಿಗೆ ಮುಖಕ್ಕೆ ಹೊಡೆದಂತೆ ಇಲ್ಲ ಎಂದಿದ್ದೇನೆ. ಆ ವಿಷಯದಲ್ಲಿ ನನಗೆ ತುಸು ಜಂಬವೇ ಇತ್ತು.

ಶಾರದಕ್ಕನ ಮನೆ ನಗರದಿಂದ ನಿಟ್ಟೂರಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಂದು ಸಂಕ ದಾಟಿದರೆ ಸಿಗುತ್ತಿತ್ತು. ಸುತ್ತಲಿನ ಮದುವೆ ಮನೆಗಳಲ್ಲಿ ರುಬ್ಬುವ ಕೆಲಸಕ್ಕೆ ಅವರೇ ಆಗಬೇಕು. ಇಪ್ಪತ್ತು ವರ್ಷ ಬೇರೆಯವರ ಒರಳು, ಬೇರೆಯವರ ಗ್ರೈಂಡರ್. ಆ ವರ್ಷ ಸ್ವಂತದ್ದೊಂದು ಕೆಲಸ ಒದಗಿಬಂದಿತ್ತು. ಹತ್ತಿರದ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರಕ್ಕೆರಡು ದಿನ ದೋಸೆ ಹಿಟ್ಟು ಕೊಡಬೇಕು. ದಸರಾ ರಜೆ ಮುಗಿದು ಹಾಸ್ಟೆಲ್ ತೆರೆಯುವ ಸೋಮವಾರ ಬೆಳಿಗ್ಗೆ ಮೊದಲ ಹಿಟ್ಟು. ಆವತ್ತು ಬರದಿದ್ದರೆ ಆ ಕೆಲಸ ರಿಪ್ಪನ್‌ಪೇಟೆಯವರಿಗೆ ಕೊಡುತ್ತೇವೆ ಎಂದು ವಾರ್ಡನ್ ಮೊದಲೇ ಹೇಳಿದ್ದರು. ಶಾರದಕ್ಕ ಉಳಿಸಿಟ್ಟದ್ದನ್ನೆಲ್ಲ ಸೇರಿಸಿ ಒಂದು ದೊಡ್ಡ ಗ್ರೈಂಡರ್ ತರಿಸುವುದೆಂದು ತೀರ್ಮಾನಿಸಿದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊಬೈಲಿನಲ್ಲಿ ಹತ್ತು ಚಿತ್ರ ನೋಡಿ, ಬಿಳಿಯದೊಂದನ್ನು ಆರಿಸಿದರು. ಆರ್ಡರ್ ಒತ್ತಿದ ಬೆರಳು ನನ್ನದು.

ಅದು ಬಂದದ್ದು ದುರ್ಗಾಷ್ಟಮಿಯ ದಿನ. ಶಾರದಕ್ಕನ ಗಂಡ ಗಣಪಣ್ಣ, ಮಾತು ಕಡಿಮೆಯ ಮನುಷ್ಯ, ಒಂದು ಕಡೆ ಹಿಡಿದರು. ನಾನೊಂದು ಕಡೆ ಹಿಡಿದೆ. ಸಂಕದ ಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತ ಹೇಗೋ ಅಂಗಳ ಮುಟ್ಟಿಸಿದೆವು.

"ನಾಳೆ ಆಯುಧ ಪೂಜೆ, ಇವತ್ತು ಬಂತು! ಕರೆದ್ರೆ ಬಂದಂಗೆ ಬಂತಲ್ಲೇ ಸುಮಿ," ಎಂದು ಶಾರದಕ್ಕ ಪೆಟ್ಟಿಗೆ ಸವರಿದರು.

"ಈಗ್ಲೇ ಒಂದ್ಸಲ ತಿರ್ಗಿಸಿ ನೋಡಿ ಶಾರದಕ್ಕ. ಏನಾರು ಆಗಿದ್ರೆ ಏಳು ದಿನದೊಳಗೆ ವಾಪಸ್ ಮಾಡ್ಬೋದು."

"ಪೂಜೆ ಆಗ್ದೆ ಕರೆಂಟ್ ಹಾಕದಾ? ಎಂತ ಮಾತು ಅಂತ ಆಡ್ತೀಯೇ!"

ನಾನೂ ಹೆಚ್ಚು ಒತ್ತಾಯಿಸಲಿಲ್ಲ. ನನ್ನ ವ್ಯಾನಿಗೂ ಮರುದಿನ ಪೂಜೆ ಆಗಬೇಕಿತ್ತು, ಕುಂಬಳಕಾಯಿ ತರಬೇಕಿತ್ತು.

ವಿಜಯದಶಮಿಯ ಬೆಳಿಗ್ಗೆ ಫೋನ್ ಬಂತು. "ಸುಮಿ, ಇದು ಒದರ್ತದೆ ಮಾರಾಯ್ತಿ. ಒಂಚೂರು ಬಂದು ಹೋಗು."

ಹೋದೆ. ಒಳ್ಳೆಯ ದಿನವೆಂದು ನಸುಕಿನಲ್ಲೇ ನೆನೆಸಿಟ್ಟ ಅಕ್ಕಿ ಹಾಕಿದ್ದರು. ಸ್ವಿಚ್ ಒತ್ತಿದರೆ ಗುಂಡುಕಲ್ಲು ವಾಲಿಕೊಂಡು ತಿರುಗುತ್ತ ಕರಕರ ಎನ್ನುತ್ತಿತ್ತು. ಹಿಟ್ಟು ತೆಗೆದು, ತಳ ತೊಳೆದು ನೋಡಿದರೆ ಅಡಿಗಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು ಅರ್ಧ ಸುತ್ತು ಓಡಿತ್ತು. ಶಾರದಕ್ಕ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನನ್ನ ಕೈಗೂ ಹಚ್ಚಿದರು. ಮರಳು ಮರಳು.

"ಇದನ್ನ ಮಕ್ಕಳಿಗೆ ತಿನ್ಸಕ್ಕಾಗ್ತದಾ?" ಎಂದರು. ಅಷ್ಟೂ ಹಿಟ್ಟನ್ನು ಗಣಪಣ್ಣ ತೆಂಗಿನ ಬುಡಕ್ಕೆ ಸುರಿದರು.

ಆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹಿಂದಿನ ದಿಬ್ಬದ ಹಲಸಿನ ಮರದ ಕೆಳಗೆ ನಿಂತರೆ ಎರಡು ಕಡ್ಡಿ ಬರುತ್ತಿತ್ತು. ಅಲ್ಲಿ ನಿಂತು, ಒಟಿಪಿ ಮೂರು ಸಲ ಬಾರದೆ ನಾಲ್ಕನೆಯ ಸಲ ಬಂದು, ಬಿರುಕಿನ ಫೋಟೋ ಹಾಕಿ ರಿಟರ್ನ್ ಕೇಳಿಕೊಂಡೆವು. ಬದಲಿ ಗ್ರೈಂಡರ್ ಕಳಿಸುತ್ತೇವೆ, ಮೊದಲು ಹಳೆಯದನ್ನು ಒಪ್ಪಿಸಿ ಎಂದು ಉತ್ತರ ಬಂತು. ಏಳು ದಿನದ ಲೆಕ್ಕ ಹಿಡಿದರೆ ಕೊನೆಯ ದಿನ ಸರಿಯಾಗಿ ಹುಣ್ಣಿಮೆ.

ತ್ರಯೋದಶಿಯ ಬೆಳಿಗ್ಗೆ ವಾಪಸ್ ತರಬೇಕಾದವುಗಳ ಪಟ್ಟಿಯಲ್ಲಿ ಶಾರದಕ್ಕನ ಹೆಸರು ಕಂಡು ಖುಷಿಯಾಯಿತು. ಎಲ್ಲಕ್ಕಿಂತ ಮೊದಲು ಅಲ್ಲಿಗೇ ವ್ಯಾನ್ ಬಿಟ್ಟೆ. ಅವರು ಗ್ರೈಂಡರನ್ನು ಜಗಲಿಗೆ ತಂದು ತೊಳೆದು ಒರೆಸಿ ಇಟ್ಟಿದ್ದರು. ಆಗ ನಾನು ಅದರ ಮೈಯನ್ನು ಸರಿಯಾಗಿ ನೋಡಿದ್ದು. ಆಯುಧ ಪೂಜೆಯ ದಿನ ಅರಿಶಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಬಿಳಿಯ ಮೈಗೆ ನಾಲ್ಕೂ ಕಡೆ ದೊಡ್ಡ ದೊಡ್ಡ ಬೊಟ್ಟು ಇಟ್ಟಿದ್ದರು. ವಾಪಸ್ ಕೊಡಬೇಕಲ್ಲ ಎಂದು ಸೋಪು, ಬೂದಿ, ನಿಂಬೆಹುಳಿ ಎಲ್ಲ ಹಾಕಿ ತಿಕ್ಕಿದ್ದರಿಂದ, ಬೊಟ್ಟು ಇದ್ದದ್ದು ಅಂಗೈಯಗಲದ ಗುಲಾಬಿ ಕಲೆಯಾಗಿ ಹರಡಿತ್ತು.

ಮೊಬೈಲ್ ಕೇಳಿತು: 'ವಸ್ತುವಿನ ಮೇಲೆ ಬಳಸಿದ ಗುರುತು ಇದೆಯೇ?' ಕೆಳಗೆ ಎರಡೇ ಉತ್ತರ, ಇದೆ, ಇಲ್ಲ. ಬಿರುಕನ್ನು ಅವರು ಹೇಗೂ ಒಪ್ಪಿದ್ದಾರೆ, ಕಲೆ ಇದ್ದರೇನಂತೆ ಎಂದುಕೊಂಡೆ. ಸುಳ್ಳು ಒತ್ತಿ ಅಭ್ಯಾಸವೂ ಇರಲಿಲ್ಲ. 'ಇದೆ' ಎಂದು ಒತ್ತಿದೆ. ದಿಬ್ಬ ಹತ್ತಿ ನೆಟ್‌ವರ್ಕ್ ಸಿಕ್ಕಿದ ಕೂಡಲೇ ಮೆಸೇಜ್ ಬಂತು. ಬಳಸಿದ ವಸ್ತು, ರಿಟರ್ನ್ ತಿರಸ್ಕರಿಸಲಾಗಿದೆ.

ಇಳಿದು ಬಂದವಳ ಮುಖ ನೋಡಿಯೇ ಶಾರದಕ್ಕನಿಗೆ ತಿಳಿಯಿತು. "ಹೋಗ್ಲಿ ಬಿಡೇ," ಎಂದರು. "ನಿನ್ನ ಕೆಲ್ಸ ನೀ ಮಾಡ್ದೆ. ದೇವರಿಗೆ ಇಟ್ಟ ಕುಂಕುಮಕ್ಕೆ ನೀ ಎಂತ ಮಾಡಕ್ಕಾಗ್ತದೆ? ವಾರ್ಡನ್ನಿಗೆ ಇವತ್ತೇ ಹೇಳ್ತೀನಿ, ಪಾಪ ಅವ್ರೂ ಕಾಯದು ಬೇಡ."

ಬೈದಿದ್ದರೆ ಸಹಿಸಬಹುದಿತ್ತು. ಒಂದು ಪೂಜೆಯನ್ನು ಬಳಕೆ ಎಂದು ಬರೆದುಕೊಟ್ಟವಳು ನಾನೇ. ಆ ಗ್ರೈಂಡರ್ ಒಂದು ದೋಸೆಗೂ ಹಿಟ್ಟು ಕೊಟ್ಟಿರಲಿಲ್ಲ. ನನ್ನ ಪ್ರಾಮಾಣಿಕತೆಯ ಮೇಲೆ ನನಗೇ ಅಸಹ್ಯವಾಯಿತು, ನಾಚಿಕೆಯೂ ಆಯಿತು.

"ನಾಡಿದ್ದಿನ ತನಕ ವಾರ್ಡನ್ನಿಗೆ ಏನೂ ಹೇಳ್ಬೇಡಿ," ಎಂದೆ. "ನಾನು ಸಾಗರಕ್ಕೆ ಹೋಗ್ತೀನಿ."

ನಮ್ಮ ಪಾರ್ಸೆಲುಗಳೆಲ್ಲ ಬಂದು ಹೋಗುವ ಹಬ್ ಇದ್ದದ್ದು ಸಾಗರದಲ್ಲಿ. ಅದರ ಉಸ್ತುವಾರಿ ಚಂದ್ರು ಎಂಬ ಮನುಷ್ಯ, ಕೆಟ್ಟವರಲ್ಲ, ಆದರೆ ಮೇಲಿನವರೆಂದರೆ ಗಡಗಡ. ಚತುರ್ದಶಿಯ ಬೆಳಿಗ್ಗೆ ಬಟ್ಟೆಮಲ್ಲಪ್ಪ ಊರಿನ ಮೇಲೆ ಹಾಯ್ದು ಹಬ್ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದೆ.

"ಮೇಡಂ, ಇದೆ ಅಂತ ಒತ್ತಿದ್ದು ನೀವೇ," ಎಂದರು ಅವರು ಕಂಪ್ಯೂಟರ್ ನೋಡುತ್ತ.

"ನಾನೇ ಸರ್. ತಪ್ಪು ಒತ್ತಿದೆ."

"ಕಲೆ ಇಲ್ವಾ ಹಾಗಾದ್ರೆ?"

"ಇದೆ. ಕಲೆ ಇದೆ, ಬಳಸಿದ್ದಲ್ಲ. ಕುಂಕುಮ ಅದು."

"ಅದನ್ನ ಎಲ್ಲಿ ಅಂತ ಬರೀಲಿ? ಇದರಲ್ಲಿ ಕುಂಕುಮ ಅನ್ನೋ ಕಾಲಂ ಇಲ್ಲ ಮೇಡಂ."

ನನಗೆ ರೇಗಿತು. ಏನಾದರೂ ಚುರುಕಾಗಿ ಹೇಳಬೇಕೆಂದು ಸುತ್ತ ನೋಡಿದೆ. ನೋಡಿದವಳಿಗೆ ನಗು ಬಂತು. ಅವರ ಕಂಪ್ಯೂಟರಿನ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ತೂಕದ ಯಂತ್ರಕ್ಕೆ ಬೊಟ್ಟು, ಒಣಗಿದ ಸೇವಂತಿಗೆ. ಅವರ ಕೈಯಲ್ಲಿದ್ದ ಸ್ಕ್ಯಾನರಿನ ಹಿಡಿಕೆಯ ಮೇಲೂ ಬೊಟ್ಟು ಒರೆಸಿಹೋಗಿ ಅವರ ಹೆಬ್ಬೆರಳು ಕೆಂಪಾಗಿತ್ತು. ಹೊರಗೆ ನಿಂತ ಲಾರಿಯ ಗಾಜಿನ ತುಂಬ ಅರಿಶಿನ.

"ಸರ್, ಈ ಸ್ಕ್ಯಾನರ್ ಹೊಸತಲ್ವಾ? ಹೋದ ವಾರ ಬಂದಿದ್ದು."

"ಹೌದು."

"ಇದಕ್ಕೆ ಕುಂಕುಮ ಇಟ್ಟೋರು ಯಾರು? ಇದು ನಾಳೆ ಕೆಟ್ರೆ ವಾಪಸ್ ತಗೊಳಲ್ಲ ಅಂದ್ರೆ ಸುಮ್ನಿರ್ತೀರಾ?"

ಅವರು ಸ್ಕ್ಯಾನರನ್ನು ತಿರುಗಿಸಿ ನೋಡಿದರು, ತಮ್ಮ ಹೆಬ್ಬೆರಳನ್ನೂ ನೋಡಿಕೊಂಡರು. "ನಂಗೆ ಗೊತ್ತಾಗಲ್ವಾ ಮೇಡಂ? ನಮ್ಮಮ್ಮ ಹೊಸ ಫ್ರಿಜ್ಜಿಗೆ ಆರತಿ ಎತ್ತಿದೋರು. ಆದ್ರೆ ಮೇಲಿನೋರು ಎಲ್ಲೋ ಕೂತಿರ್ತಾರೆ, ಅವ್ರಿಗೆ ಹೇಗೆ ಹೇಳ್ಲಿ?"

"ಫೋಟೋ ತೆಗೀರಿ. ಸ್ಕ್ಯಾನರಿಂದು, ಲಾರಿದು, ಕಂಪ್ಯೂಟರಿಂದು. ಪಕ್ಕದಲ್ಲಿ ಗ್ರೈಂಡರಿಂದೂ ಹಾಕಿ. ಬಿರುಕು ಕುಂಕುಮ ಇಡೋಕೆ ಮೊದಲೇ ಇತ್ತು ಅಂತ ಬರೀರಿ. ನಾನೂ ಸಹಿ ಹಾಕ್ತೀನಿ. ಉತ್ತರ ಬರೋ ತನಕ ಇಲ್ಲೇ ಕೂತಿರ್ತೀನಿ."

"ಉತ್ತರ ನಾಲ್ಕು ದಿನಕ್ಕೆ ಬರ್ಬೋದು."

"ಕೂತಿರ್ತೀನಿ," ಎಂದೆ, ಒಂದು ಗೋಣಿಚೀಲದ ಗಂಟಿನ ಮೇಲೆ ಕೂತೇಬಿಟ್ಟೆ.

ಕೂರುವುದೆಂದರೆ ಸುಮ್ಮನೆ ಕೂರುವುದಲ್ಲ. ಅರ್ಧ ಗಂಟೆಗೊಮ್ಮೆ, "ಸರ್, ಬಂತಾ?" ಎನ್ನುವುದು. ಲೋಡಿಂಗಿನವರು ನನ್ನನ್ನು ಸುತ್ತಿ ದಾಟಿಕೊಂಡು ಓಡಾಡಿದರು. ನಾನು ಕೂತ ಗಂಟೇ ಬೇಕಾಯಿತೆಂದು ಎಬ್ಬಿಸಿದರೆ ಎದ್ದು ಇನ್ನೊಂದರ ಮೇಲೆ ಕೂತೆ. ಮಧ್ಯಾಹ್ನ ಚಂದ್ರು ಅವರೇ ಎರಡು ಬನ್ ತರಿಸಿಕೊಟ್ಟು, ಇನ್ನೊಂದು ಸಲ ಮೇಲ್ ಕಳಿಸಿದರು, ಆಮೇಲೆ ಶಿವಮೊಗ್ಗಕ್ಕೆ ಫೋನ್ ಮಾಡಿದರು. ಶಿವಮೊಗ್ಗದವರು ಇನ್ನೆಲ್ಲಿಗೋ ಮಾಡಿದರು. ನಾಲ್ಕೂವರೆಗೆ ಕಂಪ್ಯೂಟರ್ ಟಿಂಗ್ ಎಂದಿತು.

ಇದೊಂದು ಸಲಕ್ಕೆ ಮಾತ್ರ ಒಪ್ಪಲಾಗಿದೆ. ಮಾಲು ನಾಳೆ ಸಂಜೆ ಐದರೊಳಗೆ ಸಾಗರದಲ್ಲಿ ಸ್ಕ್ಯಾನ್ ಆಗಬೇಕು. ಬಂದ ಪೆಟ್ಟಿಗೆಯಲ್ಲೇ ಇರಬೇಕು.

"ನಾಳೆ ಭೂಮಿ ಹುಣ್ಣಿಮೆ ಮೇಡಂ. ಹಳ್ಳಿಲಿ ಯಾರು ಸಿಗ್ತಾರೆ ನಿಮ್ಗೆ?" ಎಂದರು ಚಂದ್ರು.

"ಗದ್ದೇಲಿ ಸಿಗ್ತಾರೆ," ಎಂದೆ.

ಗದ್ದೆಯಲ್ಲೇ ಸಿಕ್ಕಿದರು. ತೆನೆ ತುಂಬುವ ಪೈರೆಂದರೆ ಬಸುರಿ. ಭೂಮಿತಾಯಿಗೆ ಬಯಕೆಯ ಊಟ ಬಡಿಸುವ ದಿನ ಅದು. ರಾತ್ರಿಯಿಡೀ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ತಂದು, ಬೆರಕೆ ಸೊಪ್ಪಿನ ಅಡುಗೆಯನ್ನು ಗದ್ದೆಗೆ ಬೀರುತ್ತಿದ್ದರು. ನಾನು ಅಂಚಿನ ಮೇಲೆ ಓಡಿಕೊಂಡು ಹೋಗಿ ವಿಷಯ ಹೇಳಿದೆ. ಗಣಪಣ್ಣ ಮಡಿ ಪಂಚೆಯನ್ನು ಎತ್ತಿ ಕಟ್ಟಿ ಒಂದು ಮಾತೂ ಆಡದೆ ಮನೆ ಕಡೆ ನಡೆದರು. ಶಾರದಕ್ಕ ಮಾತ್ರ ನಿಂತಲ್ಲೇ ನಿಂತರು.

"ಪೆಟ್ಟಿಗೆ ಬೇಕಾ ಸುಮಿ?"

"ಪೆಟ್ಟಿಗೆ ಇಲ್ದೆ ತಗೊಳಲ್ಲ ಅಂದಿದಾರೆ. ಸುಟ್ರಾ?"

"ಸುಟ್ಟಿಲ್ಲ ಮಾರಾಯ್ತಿ. ಅದ್ರಲ್ಲಿ ಕೋಳಿ ಕಾವಿಗೆ ಕೂತದೆ."

ಹಿತ್ತಲಿನ ಮಾಡಿನಲ್ಲಿ, 'ಒಡೆಯುವ ವಸ್ತು, ಜೋಪಾನ' ಎಂದು ಬರೆದ ಪೆಟ್ಟಿಗೆಯೊಳಗೆ, ಭತ್ತದ ಹುಲ್ಲಿನ ಮೇಲೆ, ಹನ್ನೊಂದು ಮೊಟ್ಟೆಗಳನ್ನು ಅವಚಿಕೊಂಡು ಒಂದು ಕಪ್ಪು ಹೇಂಟೆ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಕಾವಿಗೆ ಕೂತ ಕೋಳಿಯನ್ನು ಹಗಲಲ್ಲಿ ಎಬ್ಬಿಸಿದರೆ ಮತ್ತೆ ಕೂರುವುದು ಅನುಮಾನ. ಕೂರದಿದ್ದರೆ ಹನ್ನೊಂದು ಮರಿ ಹೋದಂತೆ. ಆದರೆ ಐದು ಗಂಟೆಯೂ ಯಾರಿಗೂ ಕಾಯುವುದಿಲ್ಲ. ಶಾರದಕ್ಕ ಒಂದು ಕ್ಷಣ ನೋಡಿದರು. ಆಮೇಲೆ ಊಟ ಹೊತ್ತು ಹೋಗಿದ್ದ ಬುಟ್ಟಿಯನ್ನೇ ತಂದು ಹುಲ್ಲು ಹಾಸಿದರು. ಕೋಳಿಯ ಕಣ್ಣಿನ ಮೇಲೆ ಸೆರಗು ಮುಚ್ಚಿ, ಅದನ್ನು ಹುಲ್ಲು, ಮೊಟ್ಟೆ ಸಮೇತ ಎತ್ತಿ ಬುಟ್ಟಿಗಿಟ್ಟರು. ಅದು ಎರಡು ಸಲ ಕೊರ್ರ್ ಎಂದು ಕುಕ್ಕಿ, ರೆಕ್ಕೆ ಹರಡಿ ಕೂತಿತು.

"ಕೂತ್ತು," ಎಂದರು ಗಣಪಣ್ಣ. ಆ ದಿನ ಅವರಾಡಿದ ಮಾತು ನನ್ನ ನೆನಪಿನಲ್ಲಿ ಅದೊಂದೇ.

ಪೆಟ್ಟಿಗೆಯ ಹಿಕ್ಕೆ ಕೆರೆದು, ಒರೆಸಿ, ಬಿಸಿಲಿಗೆ ಹಿಡಿದು, ಗ್ರೈಂಡರ್ ಇಳಿಸಿ ಟೇಪ್ ಹಚ್ಚುವ ಹೊತ್ತಿಗೆ ಶಾರದಕ್ಕ ಒಳಗಿಂದ ಒಂದು ಬೊಗಸೆ ಅಕ್ಕಿ ತಂದು ಅದರ ಪಾತ್ರೆಯೊಳಗೆ ಹಾಕಿದರು. "ಬರಿದು ಕಳಿಸ್ಬಾರ್ದು," ಎಂದರು. ಬಟ್ಟೆಮಲ್ಲಪ್ಪದ ಹತ್ತಿರ ವ್ಯಾನ್ ನಿಲ್ಲಿಸಿ, ಟೇಪ್ ಬಿಚ್ಚಿ, ಅಕ್ಕಿಯನ್ನು ನನ್ನ ಊಟದ ಡಬ್ಬಿಗೆ ತುಂಬಿಕೊಂಡೆ. ಸಾಗರದಲ್ಲಿ ಸ್ಕ್ಯಾನರ್ ಕೀಂ ಎಂದಾಗ ಐದಕ್ಕೆ ಹನ್ನೆರಡು ನಿಮಿಷ ಇತ್ತು. ಚಂದ್ರು ಪೆಟ್ಟಿಗೆ ಮೂಸಿ, "ಏನೋ ಕೋಳಿ ವಾಸನೆ ಬರ್ತದಲ್ಲ ಮೇಡಂ," ಎಂದರು. "ನಿಮ್ಮ ಕಾಲಂನಲ್ಲಿ ವಾಸನೆ ಇದೆಯಾ ಸರ್?" ಎಂದೆ. ನಕ್ಕು ಸಹಿ ಹಾಕಿದರು. ಮನೆಗೆ ಬಂದು ಆ ಒಂದು ಬೊಗಸೆ ಅಕ್ಕಿಯ ಅನ್ನ ಮಾಡಿ ಉಂಡೆ.

ಬದಲಿ ಗ್ರೈಂಡರ್ ಶನಿವಾರ ಬಂತು. ಸೋಮವಾರ ಹಾಸ್ಟೆಲ್. ಅಂಗಳದಲ್ಲೇ ಪೆಟ್ಟಿಗೆ ಬಿಚ್ಚಿಸಿ, "ಏಳು ದಿನ ಅರಿಶಿನ ಇಲ್ಲ, ಕುಂಕುಮ ಇಲ್ಲ, ಒಂದು ಹೂವೂ ಇಲ್ಲ. ಈಗ್ಲೇ ತಿರ್ಗಿಸಿ," ಎಂದು ಕಟ್ಟುನಿಟ್ಟು ಮಾಡಿದೆ. ಶಾರದಕ್ಕನಿಗೆ ಅದು ಸುತರಾಂ ಇಷ್ಟವಾಗಲಿಲ್ಲ. ಬೋಳು ಹಣೆಯ ಯಂತ್ರಕ್ಕೆ ಕೈ ಹಚ್ಚುವುದು ಹೇಗೆಂದು ಎರಡು ಸಲ ಹಿಂದೆ ಸರಿದರು. ಕೊನೆಗೆ ಕಣ್ಣು ಮುಚ್ಚಿ ಸ್ವಿಚ್ ಒತ್ತಿದರು. ಕಲ್ಲು ಸಮವಾಗಿ ತಿರುಗಿತು. ಒಂದು ಗಂಟೆ ನಾವು ಮೂವರೂ ಅದರ ಮುಂದೆ ಕೂತು ಕಿವಿಗೊಟ್ಟು ಕೇಳಿದೆವು. ಹಿಟ್ಟು ಬೆಣ್ಣೆ ಬೆಣ್ಣೆ ಬಂತು. ಸೋಮವಾರ ಬೆಳಕು ಹರಿಯುವ ಮೊದಲೇ ಎರಡು ಕೊಳಗದಷ್ಟು ಉಬ್ಬಿದ ಹಿಟ್ಟು ನನ್ನ ವ್ಯಾನಿನಲ್ಲಿ ಹಾಸ್ಟೆಲಿನ ಅಡುಗೆಮನೆ ಸೇರಿತು. ವಾರ್ಡನ್ ಮೊದಲ ದೋಸೆಯನ್ನು ತಾವೇ ತಿಂದು ನೋಡಿ, "ಗುರುವಾರಕ್ಕೂ ಇಷ್ಟೇ ತಗೊಂಡು ಬನ್ನಿ," ಎಂದರು. ವ್ಯಾನಿಗೆ ಹತ್ತಿ ಕೂತ ಶಾರದಕ್ಕ ಸಂಕ ಬರುವವರೆಗೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.

ಎಂಟನೆಯ ದಿನ ನನಗೆ ಬುಲಾವ್ ಬಂತು. ನಾನು ಹೋದಾಗ ಶಾರದಕ್ಕ ಮಿಂದು, ಹೊಸ ಸೀರೆಯುಟ್ಟು, ಗ್ರೈಂಡರಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಪಕ್ಕದ ತಟ್ಟೆಯಲ್ಲಿ ತೆಂಗಿನಕಾಯಿ, ಹೂವು, ಬಟ್ಟಲಲ್ಲಿ ಕುಂಕುಮ.

"ಏಳು ದಿನ ಮುಗೀತಲ್ಲ ಸುಮಿ? ಇನ್ನು ಆ ಕಂಪನಿಯವ್ರು ಇದನ್ನ ವಾಪಸ್ ತಗಳ್ಳಲ್ಲ ಅಲ್ದಾ?"

"ಇಲ್ಲ ಶಾರದಕ್ಕ. ನಾವೇ ಕೊಡ್ತೀವಿ ಅಂದ್ರೂ ತಗಳ್ಳಲ್ಲ."

"ಸೈ ಹಂಗಾರೆ. ಇನ್ನು ಯಾರ್ ಬಂದು ಎಷ್ಟ್ ತಿಕ್ಕಿದ್ರೂ ಹೋಗ್ಬಾರ್ದು," ಎಂದವರೇ ಬಟ್ಟಲಿಗೆ ಇನ್ನೊಂದು ಚಮಚ ಎಣ್ಣೆ ಹಾಕಿ ಕುಂಕುಮ ಕಲಸತೊಡಗಿದರು.